ವಿಧಿವಾಕ್ಯಗಳ ಕಂಠಪಾಠ

ಸಭೆಯಲ್ಲಿ ಕಾಗದವನ್ನು ನೋಡಿ ಓದುವವನಿಗೂ ನೆನಪಿನಿಂದ ಮಾತನಾಡುವವನಿಗೂ ಇರುವ ಅಂತರವನ್ನು ಶ್ರೋತೃಗಳು ಅನೇಕ ಸಲ ಗಮನಿಸಿರಬಹುದು. ಓದುವವನ ದೃಷ್ಟಿ ಕಾಗದದ ಮೇಲಿರುತ್ತದೆ; ನೆನಪಿನಿಂದ ನುಡಿಯುವವನ ದೃಷ್ಟಿ ಎದುರಿಗೆ ನಿಂತವನ ಮುಖದ ಮೇಲಿರುತ್ತದೆ. ಆಕಾಶವಾಣಿಯಲ್ಲಿ ಈ ಭೇದ ಅಷ್ಟಾಗಿ ತೋರದು. ತಾವು ನಮ್ಮನ್ನು ಕಾಣಿರಿ, ನಾವು ತಮ್ಮನ್ನು ಕಾಣೆವು. ಈ ಮಾತುಗಳನ್ನು ನಾವು ಕಾಗದ ನೋಡಿಯೇ ಓದುತ್ತಿದ್ದೇವೆಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚವೂ ಇಲ್ಲ. ಆದರೆ ಕಾಗದ ಸಲ್ಲದ ಸಂದರ್ಭಗಳು ಬಾಳಿನಲ್ಲಿ ಕೆಲವುಂಟು. ಅಂತಹ ಸಂದರ್ಭಗಳಿಗೆ ಬೇಕಾದ ಮಾತನ್ನು ನಾಲಗೆಯಲ್ಲಿ ನೆಲೆಗೊಳಿಸಿಕೊಳ್ಳುವ ಬಗೆ ಹೇಗೆಂಬುದೇ ಈ ಹೊತ್ತಿನ ವಿಷಯ.

ಈ ವಿಷಯದ ಕಡೆಗೆ ನಮ್ಮ ಮನಸ್ಸು ಹರಿದುದು ಒಂದು ಸೋದರ ಸಂಘದ ಮೂಲಕ. ಫ್ರೀಮೇಸನ್ನರ ಲಾಡ್ಜು ಎಂದೊಡನೆ ನಮ್ಮಲ್ಲಿ ಹಲವರಿಗೆ ಕುತೂಹಲ, ಕೆಲವರಿಗೆ ಅನುಮಾನ. ಅದು ಕಲ್ಲುಕುಟಿಗರ ಮೂಲೆಮಟ್ಟ, ಕೈವಾರ ಮೊದಲಾದ ಉಪಕರಣಗಳನ್ನು ನೀತಿಬೋಧೆಯ ಸಂಕೇತಗಳನ್ನಾಗಿ ಮಾಡಿಕೊಂಡಿರುವ ಒಂದು ಸಂಘ. ಇಂಗ್ಲೆಂಡಿನಿಂದ ಬಂದ ಈ ಪದ್ಧತಿ ೧೭೩೦ರ ವೇಳೆಗೇ ಕಲ್ಕತ್ತೆಯಲ್ಲಿ ಕಾಲಿಟ್ಟಿತು. ೧೯೬೧ನೆಯ ನವೆಂಬರ್ ೨೪ರಂದು ಭಾರತಕ್ಕೆ ತನ್ನದೇ ಆದ ಗ್ರ್ಯಾಂಡ್ ಲಾಡ್ಜು ಸ್ಥಾಪಿತವಾಯಿತು. ನಮ್ಮ ದೇಶದ ಲಾಡ್ಜುಗಳಲ್ಲಿ ಭಗವದ್ಗೀತೆ, ಕುರಾನು, ಬೈಬಲು ಮೊದಲಾದ ಹಲವು ಮತಗ್ರಂಥಗಳು ಒಂದೇ ಪೀಠದ ಮೇಲೆ ತೆರೆದಿರುತ್ತವೆ. ಅಲ್ಲಿಯ ಗುರುತುಗಳು, ಗುಟ್ಟುಗಳು ಇವುಗಳ ವಿಚಾರ ನಮಗೆ ಇಲ್ಲಿ ಬೇಕಿಲ್ಲ. ನಮಗೆ ಬೇಕಾದುದು ಇಷ್ಟೆ: ಸಭೆಯನ್ನು ತೆರೆಯುವಾಗ ಅಧ್ಯಕ್ಷನೂ ಇತರ ಅಧಿಕಾರಿಗಳೂ ನಡೆಸುವ ಪ್ರಶ್ನೋತ್ತರ, ಹೊಸಬನನ್ನು ಸೇರಿಸಿಕೊಳ್ಳುವ ವಿಧಿ, ಕೊನೆಯಲ್ಲಿ ಅವನಿಗೆ ಕರ್ತವ್ಯಗಳನ್ನು ತಿಳಿಸುವ ದೀರ್ಘವಾದ ಉಪದೇಶ, ಇವೆಲ್ಲವನ್ನೂ ಪುಸ್ತಕ ನೋಡದೆ, ಗೊತ್ತಾದ ಪದಗಳಲ್ಲಿಯೇ ಹೇಳಬೇಕೆಂಬುದು ಅಲ್ಲಿಯ ಸಂಪ್ರದಾಯ. ಹೇಳುವವರು ವಕೀಲರು, ತೋಟದ ಮಾಲೀಕರು, ವೈದ್ಯರು, ನಮ್ಮಂತಹ ಅಧ್ಯಾಪಕರು. ಯಾರೂ ನಟರಲ್ಲ, ಪುರೋಹಿತರೂ ಅಲ್ಲ.

ಕೆಲವು ವರ್ಷಗಳ ಹಿಂದೆ ಆ ಉಪದೇಶವನ್ನು ಹೇಳುವ ಹೊಣೆ ನಮ್ಮ ಪಾಲಿಗೆ ಬಂದಿತು. ಸುಮಾರು ಆರುನೂರು ಪದಗಳ ಇಂಗ್ಲಿಷ್ ಗದ್ಯ, ಮೂವತ್ತು ವಾಕ್ಯಗಳಿರಬಹುದು. ತರಗತಿಯಲ್ಲಿ ಪ್ರತಿದಿನ ಇಂಗ್ಲಿಷಿನಲ್ಲಿ ಮಾತನಾಡುವ ನಮಗೆ ಇದೇನು ಮಹಾ ಎನ್ನಿಸಿತು. ಆರು ವಾರಗಳ ಅವಧಿಯಿದ್ದರೂ ಕಡೆಯ ನಾಲ್ಕು ರಾತ್ರಿಗಳವರೆಗೆ ಪುಸ್ತಕವನ್ನು ಮುಟ್ಟಲಿಲ್ಲ. ಆ ನಾಲ್ಕು ರಾತ್ರಿ ಮೂರು ಮೂರು ಗಂಟೆ ಕುಳಿತು ಓದಿದೆವು. ಕೊನೆಯ ರಾತ್ರಿ ಇಡೀ ಪಾಠ ತಪ್ಪಿಲ್ಲದೆ ಬಂದಿತು, ಸಂತೋಷದಿಂದ ಮಲಗಿದೆವು. ಮರುದಿನ ಸಂಜೆ ಹೊಸಬನಾದ ತರುಣನ ಎದುರಿಗೆ ನಿಂತು ಹತ್ತು ಹನ್ನೆರಡು ವಾಕ್ಯ ಹೇಳುವಷ್ಟರಲ್ಲಿ ದಾರಿ ಕಡಿದುಹೋಯಿತು. ಹಿಂದಿನ ವಾಕ್ಯವನ್ನೇ ಮತ್ತೊಮ್ಮೆ ಹೇಳಿದೆವು. ಯಾರೋ ಮೆಲ್ಲನೆ ಸೂಚಿಸಿದರು. ಆ ಸೂಚನೆಯನ್ನು ಹಿಡಿದು ಹೊರಟು ಮಧ್ಯದ ಒಂದು ಭಾಗವನ್ನೇ ಬಿಟ್ಟು ಕೊನೆಗೆ ಹಾರಿದೆವು. ಸಭೆ ಮುಗಿದ ಮೇಲೆ ಎಲ್ಲರೂ ಸೌಜನ್ಯದಿಂದ, ಮುಂದಿನ ಸಲ ಸರಿಹೋಗುತ್ತದೆ ಎಂದರು. ನಮಗೆ ಮುಂದಿನ ಸಲವೆಂಬುದುಂಟು. ಆದರೆ ಆ ತರುಣನಿಗೆ? ಆ ಮಾತನ್ನು ಒಬ್ಬ ಮನುಷ್ಯನಿಗೆ ಅವನ ಆಯುಷ್ಯದಲ್ಲಿ ಒಂದೇ ಸಲ ಹೇಳುವುದು. ಅವನ ಆ ಒಂದು ಸಲವನ್ನು ನಮ್ಮ ಸೋಮಾರಿತನ ಕೆಡಿಸಿತ್ತು.

ಈ ಕೊರಗು ಮನಸ್ಸಿನಲ್ಲಿರುವಾಗಲೇ ಮಡಿಕೇರಿಯಲ್ಲಿ ಒಂದು ಕೊಡವ ಮದುವೆಗೆ ಹೋಗಿದ್ದೆವು. ಕೊಡವರ ಮದುವೆಯಲ್ಲಿ ಪುರೋಹಿತನಿಲ್ಲ. ದೀಪದ ಸಾಕ್ಷಿ, ಹಿರಿಯರ ಅಕ್ಕಿಕಾಳಿನ ಹರಕೆ, ಇವೇ ಅಲ್ಲಿ ಪ್ರಧಾನ. ಆದರೂ ಮಾತಿನ ವಿಧಿಯೊಂದುಂಟು. ಪ್ರತಿಯೊಂದು ಒಕ್ಕಕ್ಕೂ, ಅಂದರೆ ಮನೆತನಕ್ಕೂ, ಬೇರೊಂದು ಒಕ್ಕದವನು ಅರುವನಾಗಿರುತ್ತಾನೆ. ಶುಭಾಶುಭಗಳಲ್ಲಿ ಆ ಮನೆಯ ಪರವಾಗಿ ನಿಂತು ಮಾತನಾಡುವವನು ಅವನು. ಮದುವೆಯಲ್ಲಿ ಸಂಬಂಧ ಕೊಡುವ ಹೊತ್ತಿಗೆ ಎರಡು ಕಡೆಯ ಅರುವರೂ ಎದುರುಬದಿರಾಗಿ ನಿಲ್ಲುತ್ತಾರೆ. ಊರಿನವರು, ನಾಡಿನವರು ನೆರೆದಿದ್ದಾರೆಯೆ ಎಂದು ಒಬ್ಬನು ಕೇಳುತ್ತಾನೆ, ಇನ್ನೊಬ್ಬನು ಉತ್ತರ ಕೊಡುತ್ತಾನೆ. ಹೀಗೆ ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಪ್ರಶ್ನೆ ಬೆಳೆಯುತ್ತ ಹೋಗಿ, ವಧುವಿಗೆ ಗಂಡನ ಮನೆಯಲ್ಲಿ ಸಲ್ಲತಕ್ಕ ಹಕ್ಕುಗಳು ಸಭೆಯ ಮುಂದೆ ಸ್ಥಿರಪಡುತ್ತವೆ. ಚಿನ್ನದ ಪ್ರತಿನಿಧಿಯಾಗಿ ಸಣ್ಣ ಸಣ್ಣ ಹರಳುಗಳು ಕೈಯಿಂದ ಕೈಗೆ ಸಾಗುತ್ತವೆ. ಇದರಲ್ಲಿ ಬರೆದು ಓದುವುದೆಂಬುದಿಲ್ಲ. ಆ ಸಂಜೆಯ ಅರುವರಲ್ಲಿ ಒಬ್ಬರು ಮುದುಕರು. ಹೆಚ್ಚು ಶಾಲೆ ಓದಿದವರಲ್ಲ. ಅವರ ಮಾತು ಎಲ್ಲಿಯೂ ತಡೆಯಲಿಲ್ಲ, ಎಲ್ಲಿಯೂ ಅವಸರಪಡಲಿಲ್ಲ.

ಊಟದ ವೇಳೆಯಲ್ಲಿ ಅವರ ಪಕ್ಕದಲ್ಲಿ ಕುಳಿತು, ಇಷ್ಟು ಚೆನ್ನಾಗಿ ನೆನಪಿಟ್ಟಿರುವುದು ಹೇಗೆಂದು ಕೇಳಿದೆವು. ಅವರಿಗೆ ಪ್ರಶ್ನೆಯೇ ಸ್ವಲ್ಪ ವಿಚಿತ್ರವಾಗಿ ತೋರಿತು. ಬೆಳಗ್ಗೆ ಗದ್ದೆಗೆ ಹೋಗುವಾಗ ಒಂದು ಸಲ ಹೇಳಿಕೊಳ್ಳುತ್ತೇನೆ, ಅಷ್ಟೆ ಎಂದರು. ಮದುವೆ ಗೊತ್ತಾದ ಮೇಲೆಯೊ ಎಂದೆವು. ಮದುವೆ ಇದ್ದರೂ ಇಲ್ಲದಿದ್ದರೂ ಎಂದರು. ನಂಟರು ಬರುತ್ತ ಹೋಗುತ್ತ ಇದ್ದರೆ ಮನೆಯ ದಾರಿ ಹುಲ್ಲು ಬೆಳೆದು ಮುಚ್ಚುವುದಿಲ್ಲವಲ್ಲ ಎಂಬುದು ಅವರು ಕೊಟ್ಟ ವಿವರಣೆ. ನಮ್ಮ ನಾಲ್ಕು ರಾತ್ರಿಗಳ ಪಾಂಡಿತ್ಯ ಆ ಕ್ಷಣದಲ್ಲಿ ಬಹಳ ಚಿಕ್ಕದಾಗಿ ಕಂಡಿತು.

ಕೊಡಗಿನಲ್ಲಿ ಈ ಬಗೆಯ ನೆನಪಿನ ಸಂಪತ್ತು ದೊಡ್ಡದು. ಹಬ್ಬದಲ್ಲಿ, ಮದುವೆಯಲ್ಲಿ, ಸಾವಿನಲ್ಲಿ ಹಾಡತಕ್ಕ ದೀರ್ಘಗೀತೆಗಳು ಬಹುಕಾಲ ಬಾಯಿಂದ ಬಾಯಿಗೆ ಬಂದುವು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಅವುಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಅಚ್ಚು ಹಾಕಿಸಿದುದು ೧೯೨೪ರಲ್ಲಿ. ಈ ಗೀತೆಗಳನ್ನು ಹಾಡುವ ಕ್ರಮವನ್ನು ಗಮನಿಸಬೇಕು. ನಾಲ್ವರು ದುಡಿ ಬಾರಿಸುತ್ತ ಹಾಡುತ್ತಾರೆ. ಇಬ್ಬರು ಹೇಳಿದುದನ್ನು ಮತ್ತಿಬ್ಬರು ಎತ್ತಿಕೊಳ್ಳುತ್ತಾರೆ. ಒಂದು ಜೋಡಿ ಹಾಡುತ್ತಿರುವಾಗ ಇನ್ನೊಂದು ಜೋಡಿಗೆ ಮುಂದಿನ ಸಾಲನ್ನು ನೆನೆದುಕೊಳ್ಳಲು ಬಿಡುವು ದೊರೆಯುತ್ತದೆ. ಕೈಯ ತಾಳ ನೆನಪಿಗೆ ಊರುಗೋಲಾಗುತ್ತದೆ. ಒಬ್ಬನು ತಪ್ಪಿದರೆ ಜೊತೆಯವನು ಎತ್ತುತ್ತಾನೆ. ನೆನಪೆಂಬುದು ಒಬ್ಬನ ತಲೆಯೊಳಗಿನ ಪೆಟ್ಟಿಗೆಯೆಂದು ನಾವು ತಿಳಿಯುತ್ತೇವೆ. ಅವರು ಅದನ್ನು ನಾಲ್ವರ ನಡುವೆ ಹಂಚಿ ಕಾಪಾಡಿದರು.

ಪಶ್ಚಿಮದ ಸೋದರ ಸಂಘಗಳೂ ಇದೇ ಹಾದಿಯಲ್ಲಿ ನಡೆದುವೆಂಬುದು ಆಶ್ಚರ್ಯವಲ್ಲ. ಇಂಗ್ಲೆಂಡಿನಲ್ಲಿ ಎರಡು ಪಂಗಡಗಳಾಗಿದ್ದ ಫ್ರೀಮೇಸನ್ನರು ೧೮೧೩ರಲ್ಲಿ ಒಂದಾದಾಗ, ಎಲ್ಲರಿಗೂ ಒಪ್ಪುವ ವಿಧಿಯನ್ನು ನಿರ್ಣಯಿಸಿ ಅದನ್ನು ಬರೆದು ಹಂಚದೆ, ನಡೆಸಿ ತೋರಿಸಿಯೇ ಕಲಿಸಿದರು. ೧೮೨೩ರಲ್ಲಿ ಲಂಡನ್ನಿನಲ್ಲಿ ಎಮ್ಯುಲೇಷನ್ ಎಂಬ ಹೆಸರಿನ ಅಭ್ಯಾಸದ ಲಾಡ್ಜೊಂದು ಹುಟ್ಟಿತು. ಅದರ ಸದಸ್ಯರು ಶುಕ್ರವಾರ ಶುಕ್ರವಾರ ಸೇರಿ ವಿಧಿಯನ್ನು ಅಭ್ಯಾಸ ಮಾಡುತ್ತಾರೆ; ಒಂದು ಪದ ತಪ್ಪಿದರೂ ಮೇಲ್ವಿಚಾರಕರು ತಿದ್ದುತ್ತಾರೆ. ಒಂದು ವಿಧಿಯನ್ನು ಒಂದು ತಿದ್ದುಪಡಿಯೂ ಇಲ್ಲದೆ ನಡೆಸಿದವನಿಗೆ ೧೮೯೭ರಿಂದ ಬೆಳ್ಳಿಯ ಒಂದು ಬೆಂಕಿಪೆಟ್ಟಿಗೆಯ ಕವಚವನ್ನು ಬಹುಮಾನವಾಗಿ ಕೊಡುತ್ತ ಬಂದಿದ್ದಾರೆ. ಆ ಲಾಡ್ಜು ತಾನೇ ಒಪ್ಪಿ ತನ್ನ ವಿಧಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದುದು ೧೯೬೯ರಲ್ಲಿ. ಅಷ್ಟು ಕಾಲವೂ ಅವರ ನೆಚ್ಚಿಕೆ ಇದ್ದುದು ವಾರ ವಾರದ ಅಭ್ಯಾಸದ ಮೇಲೆ.

ನಿತ್ಯಾಭ್ಯಾಸ ಏಕೆ ಫಲಿಸುತ್ತದೆ, ಕಡೆಯ ರಾತ್ರಿಯ ಓದು ಏಕೆ ಕೈಕೊಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಫಲಿತಾಂಶಗಳನ್ನು ೧೮೮೫ರಲ್ಲಿ ಪ್ರಕಟಿಸಿದನು. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಹಿಂದಿನ ದಿನ ಒಂದೇ ಸಮನೆ ೬೮ ಸಲ ಹೇಳಿದುದರಿಂದ ಆದ ಪ್ರಯೋಜನ, ಮೂರು ದಿನಗಳ ಮೇಲೆ ಹಂಚಿ ೩೮ ಸಲ ಹೇಳಿದುದರಿಂದಲೂ ಆಯಿತು. ಶ್ರಮದಲ್ಲಿ ಹೆಚ್ಚು ಕಡಿಮೆ ಅರ್ಧ ಉಳಿಯಿತು! ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ಅವರು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡನೆಯ ಸಲವೂ ಓದಿಸಿದರು. ಬೇರೆ ಕೆಲವನ್ನು ಒಮ್ಮೆ ಓದಿಸಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿಸಿದರು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ನೂರಕ್ಕೆ ೮೧, ಬರೆದವರದು ೭೫. ಒಂದು ವಾರ ಕಳೆದ ಮೇಲೆ ಸ್ಥಿತಿ ತಲೆಕೆಳಗಾಯಿತು: ಮತ್ತೆ ಓದಿದವರಲ್ಲಿ ಉಳಿದುದು ೪೨, ನೆನಪಿನಿಂದ ಬರೆದವರಲ್ಲಿ ೫೬. ಪುಸ್ತಕವನ್ನು ನೋಡುತ್ತ ಓದುವಾಗ ನಮಗೆ ಬರುತ್ತದೆ ಎಂದು ತೋರುವುದು ಬಹುಮಟ್ಟಿಗೆ ಕಣ್ಣಿನ ಪರಿಚಯ. ನಾಲಗೆಯ ಪರಿಚಯ ಪುಸ್ತಕ ಮುಚ್ಚಿದ ಮೇಲೆ ಪ್ರಾರಂಭವಾಗುತ್ತದೆ.

ಇಷ್ಟನ್ನು ತಿಳಿದುಕೊಂಡು ನಾವು ಎರಡನೆಯ ಸಲ ಅದೇ ಉಪದೇಶವನ್ನು ಕಲಿಯತೊಡಗಿದೆವು. ಆ ಕ್ರಮವನ್ನು ಹೇಳುತ್ತೇವೆ. ವಿಧಿವಾಕ್ಯಕ್ಕೇ ಆಗಲಿ, ನಾಟಕದ ಪಾತ್ರಕ್ಕೇ ಆಗಲಿ, ಸ್ತೋತ್ರಕ್ಕೇ ಆಗಲಿ ಇದು ಸಲ್ಲಬಹುದು.

ಮೊದಲನೆಯದಾಗಿ, ಬಾಯಿಪಾಠಕ್ಕೆ ಮುಂಚೆ ಅರ್ಥ. ಇಡೀ ಉಪದೇಶದ ಭಾವವನ್ನು ಕನ್ನಡದಲ್ಲಿ ನಮ್ಮ ಮಾತಿನಲ್ಲಿ ಒಂದು ಪುಟದಷ್ಟು ಬರೆದುಕೊಂಡೆವು. ದೇವರಿಗೆ ಸಲ್ಲತಕ್ಕುದು, ನೆರೆಯವನಿಗೆ ಸಲ್ಲತಕ್ಕುದು, ತನಗೆ ತಾನೆ ಸಲ್ಲಿಸಿಕೊಳ್ಳತಕ್ಕುದು ಎಂದು ವಿಷಯ ಮುಂದುವರಿಯುವ ಮೆಟ್ಟಿಲುಗಳು ಆಗ ಸ್ಪಷ್ಟವಾದುವು. ಹಿಂದೆ ನಾವು ಹಾರಿಹೋದ ಭಾಗ ಯಾವ ಮೆಟ್ಟಿಲೆಂಬುದೂ ತಿಳಿಯಿತು.

ಎರಡನೆಯದಾಗಿ, ದಿನಕ್ಕೆ ಎರಡೇ ವಾಕ್ಯ. ಮುಂಜಾನೆ ಕಾಲು ಗಂಟೆ. ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಗಟ್ಟಿಯಾಗಿಯೇ ಹೇಳುವುದು. ನಿಂತುಹೋದಲ್ಲಿ ಒಡನೆಯೆ ಪುಸ್ತಕ ತೆರೆಯದೆ ನಾಲ್ಕು ಉಸಿರಿನಷ್ಟು ಹೊತ್ತು ಹುಡುಕುವುದು, ಸಿಕ್ಕದಿದ್ದರೆ ನೋಡುವುದು. ಮರುದಿನ ಮೊದಲು ಹಳೆಯ ಪಾಠ, ಆಮೇಲೆ ಹೊಸ ಎರಡು ವಾಕ್ಯ. ಏಳನೆಯ ದಿನ ಹೊಸದೇನೂ ಇಲ್ಲ. ಆವರೆಗಿನದನ್ನೆಲ್ಲ ಒಮ್ಮೆ ಹೇಳುವುದು. ಹೀಗೆ ಮೂರು ವಾರಗಳೊಳಗಾಗಿ ಮೂವತ್ತು ವಾಕ್ಯಗಳೂ ಬಂದುವು. ಇನ್ನು ಮೂರು ವಾರ ಇಡಿಯಾಗಿ ಹೇಳುವುದಕ್ಕೆ ಉಳಿದುವು. ಲೆಕ್ಕ ಹಾಕಿ ನೋಡಿದರೆ ನಲವತ್ತೆರಡು ದಿನಗಳ ಕಾಲು ಕಾಲು ಗಂಟೆ ಕೂಡಿ ಹತ್ತೂವರೆ ಗಂಟೆ. ಹಿಂದೆ ನಾಲ್ಕು ರಾತ್ರಿಗಳಲ್ಲಿ ನಾವು ಸುಟ್ಟುದು ಹನ್ನೆರಡು ಗಂಟೆ!

ಮೂರನೆಯದಾಗಿ, ಕೀಲುಗಳನ್ನು ಬಿಗಿಮಾಡುವುದು. ನೆನಪು ಮುರಿಯುವುದು ವಾಕ್ಯದ ನಡುವೆ ಅಲ್ಲ, ಒಂದು ವಾಕ್ಯ ಮುಗಿದು ಇನ್ನೊಂದು ಹುಟ್ಟುವ ಸಂಧಿಯಲ್ಲಿ. ಇದಕ್ಕೆ ಮದ್ದನ್ನು ನಮ್ಮ ವೈದಿಕರು ಎಂದೋ ಕಂಡುಹಿಡಿದಿದ್ದರು. ಕ್ರಮಪಾಠದಲ್ಲಿ ಒಂದನೆಯ ಪದದೊಡನೆ ಎರಡನೆಯದು, ಎರಡನೆಯದರೊಡನೆ ಮೂರನೆಯದು, ಮೂರನೆಯದರೊಡನೆ ನಾಲ್ಕನೆಯದು, ಹೀಗೆ ಸರಪಣಿಯ ಕೊಂಡಿಗಳಂತೆ ಹೇಳುತ್ತಾರೆ; ಜಟಾಪಾಠ, ಘನಪಾಠಗಳಲ್ಲಿ ಹಿಂದು ಮುಂದಾಗಿಯೂ ಹೆಣೆಯುತ್ತಾರೆ. ೨೦೦೩ರಲ್ಲಿ ಯುನೆಸ್ಕೊ ಸಂಸ್ಥೆ ಈ ವೇದಘೋಷದ ಪರಂಪರೆಯನ್ನು ಮಾನವಕುಲದ ಮಹತ್ವದ ಪರಂಪರೆಯೆಂದು ಘೋಷಿಸಿತು. ನಾವು ಅಷ್ಟು ದೂರ ಹೋಗಲಿಲ್ಲ. ಪ್ರತಿ ವಾಕ್ಯದ ಕೊನೆಯ ನಾಲ್ಕು ಪದಗಳನ್ನು ಮುಂದಿನ ವಾಕ್ಯದ ಮೊದಲ ನಾಲ್ಕು ಪದಗಳೊಡನೆ ಸೇರಿಸಿ ಬೇರೆಯಾಗಿ ಹೇಳಿಕೊಂಡೆವು. ಇಪ್ಪತ್ತೊಂಬತ್ತು ಸಂಧಿಗಳು, ಅವುಗಳಲ್ಲಿ ನಿಜವಾಗಿ ಕಾಡಿದುವು ಐದು ಮಾತ್ರ. ಆ ಐದಕ್ಕೆ ಪುಸ್ತಕದಲ್ಲಿ ಸೀಸದಕಡ್ಡಿಯ ಚುಕ್ಕೆಯಿಟ್ಟು, ಕಾಲವೆಲ್ಲವನ್ನೂ ಅವುಗಳ ಮೇಲೆ ವ್ಯಯಮಾಡಿದೆವು. ಚೆನ್ನಾಗಿ ಬರುವ ಭಾಗವನ್ನೇ ಮತ್ತೆ ಮತ್ತೆ ಹೇಳಿ ಸಂತೋಷಪಡುವುದು ಅಭ್ಯಾಸಿಗಳಿಗೆಲ್ಲ ಇರುವ ದೌರ್ಬಲ್ಯ.

ನಾಲ್ಕನೆಯದಾಗಿ, ಸ್ಥಳವನ್ನು ಬದಲಿಸುವುದು. ಮೊದಲ ವಾರ ನಮ್ಮ ಕೊಠಡಿಯಲ್ಲಿ ಕುಳಿತು ಹೇಳಿದುದು ಹೊರಗೆ ನಡೆಯುತ್ತ ಹೇಳುವಾಗ ಅರ್ಧ ಮರೆತಿತ್ತು. ಆಮೇಲೆ ರಾಜಾಸೀಟಿನ ಕಡೆಗೆ ಹೋಗುವ ರಸ್ತೆಯಲ್ಲಿ ನಡೆಯುತ್ತ ಹೇಳಿಕೊಂಡೆವು. ಬೆಳಗಿನ ಮಂಜಿನಲ್ಲಿ ಹತ್ತು ಮಾರು ಆಚೆ ಯಾರಿದ್ದಾರೆಂದು ಕಾಣುವುದಿಲ್ಲವಾದುದರಿಂದ ಲಜ್ಜೆಯೂ ಇರಲಿಲ್ಲ. ಒಮ್ಮೆ ಮಾತ್ರ ಹಾಲಿನವನು ಮಂಜಿನೊಳಗಿಂದ ಹೊರಬಂದು, ನಾವು ತನ್ನನ್ನು ಉದ್ದೇಶಿಸಿ ಮಾತನಾಡುತ್ತಿದ್ದೇವೆಂದು ತಿಳಿದು ನಿಂತನು. ಆಷಾಢದ ಮಳೆ ಮಾಡಿನ ಮೇಲೆ ಹೊಡೆಯುವಾಗ ಅದರ ಸದ್ದಿಗೆ ಮೀರಿ ಹೇಳಿದುದೂ ಉಂಟು. ಆ ಗದ್ದಲದಲ್ಲಿ ಕೆಡದ ಪಾಠ ಸಭೆಯ ನಿಶ್ಶಬ್ದದಲ್ಲಿಯೂ ಕೆಡದೆಂಬ ಧೈರ್ಯ ಬಂದಿತು.

ಕೊನೆಯದಾಗಿ, ಕೇಳುವವನೊಬ್ಬ ಬೇಕು. ಮನೆಯವರೊಬ್ಬರ ಕೈಯಲ್ಲಿ ಪುಸ್ತಕ ಕೊಟ್ಟು ಕೇಳಿಸುವಾಗ ಒಂದು ನಿಯಮ ಹೇಳಿಡಬೇಕು: ತಪ್ಪಿದರೆ ಕೂಡಲೆ ತಿದ್ದಿ, ನಿಂತರೆ ತಿದ್ದಬೇಡಿ. ತಪ್ಪು ತಿದ್ದದೆ ಉಳಿದರೆ ಅದೇ ಪಾಠವಾಗುತ್ತದೆ. ಆದರೆ ನಿಂತವನು ತಪ್ಪಿದವನಲ್ಲ; ಅವನು ಹುಡುಕುತ್ತಿರಬಹುದು, ಅಥವಾ ಅರ್ಥಕ್ಕಾಗಿ ತಡೆದಿರಬಹುದು. ಅವನಿಗೆ ಅವಸರದ ಸೂಚನೆ ಕೊಡುವುದು, ಈಜಲು ಕಲಿಯುವವನನ್ನು ಕೈಕಾಲು ಆಡಿಸುವ ಮೊದಲೇ ದಡಕ್ಕೆ ಎಳೆದಂತೆ.

ಇಲ್ಲೊಂದು ಆಕ್ಷೇಪಣೆ ಬರುತ್ತದೆ. ಅದನ್ನು ನಮ್ಮ ವಿದ್ಯಾರ್ಥಿಗಳೇ ಎತ್ತಿದ್ದಾರೆ. ಅರ್ಥ ಮಾಡಿಕೊಳ್ಳದ ಗಿಳಿಪಾಠ ಬೇಡವೆಂದು ತರಗತಿಯಲ್ಲಿ ಹೇಳುವ ತಾವು ಮುಂಜಾನೆ ಮಾಡುವುದೇನು ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಪರೀಕ್ಷೆಯ ಉತ್ತರದಲ್ಲಿ ವಿದ್ಯಾರ್ಥಿಯ ಸ್ವಂತ ವಿಚಾರ ಬೇಕು. ಅಲ್ಲಿ ಇನ್ನೊಬ್ಬರ ಮಾತನ್ನು ಒಪ್ಪಿಸುವುದು ಆಲಸ್ಯ. ವಿಧಿಯಲ್ಲಿ ಹಾಗಲ್ಲ. ಆ ಮಾತು ಹೇಳುವವನದಲ್ಲ, ಅವನ ಕೈಯಲ್ಲಿ ಇರಿಸಿದ ನಿಕ್ಷೇಪ. ಅರುವನು ತನಗೆ ತೋಚಿದಂತೆ ನಾಲ್ಕು ಮಾತು ಸೇರಿಸಿ, ಎರಡು ಹಕ್ಕುಗಳನ್ನು ಬಿಟ್ಟರೆ ನಷ್ಟ ಅವನಿಗಲ್ಲ, ಎದುರಿಗೆ ಕುಳಿತ ಹೆಣ್ಣುಮಗಳಿಗೆ. ಇನ್ನೊಂದು ಮಾತು: ಪದಗಳನ್ನು ಹುಡುಕುತ್ತಿರುವವನಿಗೆ ಅರ್ಥದ ಕಡೆಗೆ ಗಮನ ಕೊಡಲು ಬಿಡುವೆಲ್ಲಿ? ಪದ ತಾನಾಗಿ ಬರುವಂತಾದ ಮೇಲೆ ಮನಸ್ಸು ಅರ್ಥದಲ್ಲಿ ನಿಲ್ಲಬಲ್ಲುದು. ನಲವತ್ತು ದಿನ ಒಂದು ವಾಕ್ಯವನ್ನು ಹೊತ್ತು ತಿರುಗಿದವನಿಗೆ, ಆ ವಾಕ್ಯ ತನ್ನ ನಡತೆಯನ್ನು ಕುರಿತೂ ಏನೋ ಹೇಳುತ್ತಿದೆಯೆಂದು ಒಂದು ಬೆಳಗ್ಗೆ ಹೊಳೆಯದೆ ಇರದು. ನಮಗೆ ಹಾಗೆ ಹೊಳೆದ ದಿನ ನಾವು ಹೇಳುತ್ತಿದ್ದುದು ವಚನಪಾಲನೆಯ ವಾಕ್ಯವನ್ನು. ಮೇಜಿನ ಮೇಲೆ ತಿದ್ದಿ ಕೊಡುವೆವೆಂದು ಮಾತು ಕೊಟ್ಟು ತಡಮಾಡಿದ್ದ ಉತ್ತರಪತ್ರಿಕೆಗಳ ಕಟ್ಟು ಹಾಗೆಯೇ ಇದ್ದಿತು.

ಎರಡನೆಯ ಸಲದ ಸಭೆ ಹೇಗಾಯಿತೆಂದು ಶ್ರೋತೃಗಳು ಕೇಳಬಹುದು. ಒಂದು ಪದ ತಪ್ಪಿತು. ಅರ್ಥ ಕೆಡಲಿಲ್ಲ, ಯಾರೂ ಸೂಚಿಸಬೇಕಾಗಲಿಲ್ಲ. ಬೆಳ್ಳಿಯ ಬೆಂಕಿಪೆಟ್ಟಿಗೆಗೆ ನಾವು ಅರ್ಹರಲ್ಲ. ಆದರೆ ಆ ದಿನ ಬಂದ ಹೊಸಬನ ಮುಖ ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಯಾವ ಮಾತಿಗೆ ಅವನು ತಲೆಯೆತ್ತಿದನು, ಯಾವ ಮಾತಿಗೆ ಅವನ ಹುಬ್ಬು ಸ್ವಲ್ಪ ಕೂಡಿತು ಎಂಬುದನ್ನು ಹೇಳಬಲ್ಲೆವು. ಮೊದಲ ಸಲದ ತರುಣನ ಮುಖ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಆಗ ನಾವು ಅವನನ್ನು ನೋಡಿರಲೇ ಇಲ್ಲ, ಮಾತಿಗಾಗಿ ತಡಕುತ್ತಿದ್ದೆವು. ಅವನಿಗೆ ಸಲ್ಲಬೇಕಾಗಿದ್ದುದನ್ನು ಇನ್ನು ಸಲ್ಲಿಸುವಂತಿಲ್ಲ.

ಸಭೆಗೆ ಇನ್ನೂ ಬಹಳ ದಿನಗಳಿವೆಯೆಂದು ಪುಸ್ತಕವನ್ನು ಕಪಾಟಿನಲ್ಲಿ ಇಟ್ಟಿರುವವರು ನಮ್ಮ ಶ್ರೋತೃಗಳಲ್ಲಿ ಇದ್ದರೆ, ಅವರಿಗೆ ನಾವು ಹೇಳುವುದು ಇಷ್ಟೆ: ನಾಳೆ ಬೆಳಗ್ಗೆ ಎರಡು ವಾಕ್ಯ ಸಾಕು. ನಾಡಿದ್ದು ಮೊದಲು ಆ ಎರಡನ್ನು ಪುಸ್ತಕ ನೋಡದೆ ಹೇಳಿ, ಅನಂತರ ಇನ್ನೆರಡು.